ಹಳ್ಳಿ, ತಾಂಡಾ, ಹಾಡಿಗಳಲ್ಲಿ ಬಿಪಿ–ಶುಗರ್ ಮೇಲೆ ನಿಗಾ ಇಡುವುದು ಹೇಗೆ

ಊರಿನ ಶಾಲೆಯಲ್ಲಿ ಒಂದು ಭಾನುವಾರ ಆರೋಗ್ಯ ಶಿಬಿರ ನಡೆಸಿ, ಬಂದವರೆಲ್ಲರ ಬಿಪಿ ಮತ್ತು ಶುಗರ್ ನೋಡಿ, ಅಂಕಿಯನ್ನು ಚೀಟಿಯಲ್ಲಿ ಬರೆದುಕೊಟ್ಟು ಕಳಿಸುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಅಂದು ಬಿಪಿ ಹೆಚ್ಚಿದೆಯೆಂದು ಗೊತ್ತಾದವರಲ್ಲಿ ಎಷ್ಟು ಜನ ಆರು ತಿಂಗಳ ಮೇಲೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಎಷ್ಟು ಜನರದು ಹತೋಟಿಗೆ ಬಂದಿದೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಸಾಮಾನ್ಯವಾಗಿ ಸಿಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನವು ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಜನರಿಗೆ ಸಕ್ಕರೆ ಕಾಯಿಲೆಯೂ ಶೇ 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡವೂ ಇದೆಯೆಂದು ಅಂದಾಜಿಸಿದೆ. ಇಷ್ಟು ಜನರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಕೆಲಸ ಒಂದು ದಿನದ ಶಿಬಿರದಿಂದ ಆಗುವಂಥದ್ದಲ್ಲ.

ಈ ಮಾರ್ಗದರ್ಶಿಯನ್ನು ಸ್ತ್ರೀಶಕ್ತಿ ಸಂಘಗಳು, ಯುವಕ ಮಂಡಳಿಗಳು, ಗ್ರಾಮ ಪಂಚಾಯಿತಿಯ ಸದಸ್ಯರು, ಸಣ್ಣ ಸೇವಾಸಂಸ್ಥೆಗಳು ಮತ್ತು ಉಪಕೇಂದ್ರದ ಸಿಬ್ಬಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ರಾಯಚೂರು, ಯಾದಗಿರಿ, ಕಲಬುರಗಿಯ ತಾಂಡಾಗಳು, ಹೆಗ್ಗಡದೇವನಕೋಟೆ ಮತ್ತು ಚಾಮರಾಜನಗರದ ಕಾಡಂಚಿನ ಆದಿವಾಸಿ ಹಾಡಿ–ಪೋಡುಗಳು, ಕೊಡಗು ಮತ್ತು ಚಿಕ್ಕಮಗಳೂರಿನ ತೋಟಗಳಲ್ಲಿ ಕೂಲಿಕಾರರು ಇರುವ ಲೈನ್ ಮನೆಗಳು ಇದರ ನೆಲೆ. ಇಂಥ ಕಡೆ ಆಸ್ಪತ್ರೆ ದೂರ, ದಿನದ ಕೂಲಿ ಬಿಟ್ಟು ಹೋಗುವುದು ಕಷ್ಟ, ನೆಟ್‌ವರ್ಕ್ ಬಂದರೆ ಬಂತು. ಇಲ್ಲಿ ತಂತ್ರಜ್ಞಾನದ ಅತ್ಯಂತ ಉಪಯುಕ್ತ ಕೆಲಸ ಅಳತೆ ಮಾಡುವುದೆಂದು ನನಗೆ ಅನಿಸುವುದಿಲ್ಲ. ಯಾರು ಈ ತಿಂಗಳು ಬರಬೇಕಿತ್ತು ಮತ್ತು ಬರಲಿಲ್ಲ ಎಂಬುದನ್ನು ತಪ್ಪದೆ ತೋರಿಸಿಕೊಡುವುದೇ ಅದರ ನಿಜವಾದ ಉಪಯೋಗ. ಮುಂದೆ ಹೇಳುವುದೆಲ್ಲವೂ ಆ ಒಂದು ಪಟ್ಟಿಯನ್ನು ಸರಿಯಾಗಿ ತಯಾರಿಸುವುದಕ್ಕೆ ಮತ್ತು ಬಳಸುವುದಕ್ಕೆ ಸಂಬಂಧಿಸಿದ್ದು.

ಯಂತ್ರ ಕೊಳ್ಳುವ ಮೊದಲು

ಮೊದಲು ನಿಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ವೈದ್ಯಾಧಿಕಾರಿಗಳೊಂದಿಗೆ ಕುಳಿತು ಮಾತಾಡಬೇಕು. ಸರ್ಕಾರದ ವ್ಯವಸ್ಥೆಯಲ್ಲಿ ಈಗಾಗಲೇ ಇರುವುದು ಬಹಳಷ್ಟಿದೆ. ಅಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕೆಂದು ರಾಷ್ಟ್ರೀಯ ಕಾರ್ಯಕ್ರಮವೊಂದು 2010ರಿಂದಲೇ ನಡೆಯುತ್ತಿದ್ದು, ಅದರ ಅಡಿಯಲ್ಲಿ ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬರ ತಪಾಸಣೆ ಆಗಬೇಕು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ಕುಟುಂಬದಲ್ಲಿ ರೋಗವಿದೆಯೇ ಎಂಬುದನ್ನೆಲ್ಲ ಕೇಳಿ ಒಂದು ನಮೂನೆ ತುಂಬುತ್ತಾರೆ. ಅದರಲ್ಲಿ ನಾಲ್ಕಕ್ಕಿಂತ ಹೆಚ್ಚು ಅಂಕ ಬಂದವರನ್ನು ಆದ್ಯತೆಯ ಮೇಲೆ ಉಪಕೇಂದ್ರಕ್ಕೆ ಕರೆಯಲಾಗುತ್ತದೆ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅಥವಾ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಪರೀಕ್ಷಿಸಿ ವಿವರವನ್ನು ಸರ್ಕಾರದ ಆ್ಯಪ್‌ನಲ್ಲಿ ದಾಖಲಿಸುತ್ತಾರೆ. ಕರ್ನಾಟಕದಲ್ಲಿ 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯೂ ಮನೆಬಾಗಿಲ ತಪಾಸಣೆಯದ್ದೇ. ಇದನ್ನೆಲ್ಲ ಬದಿಗಿಟ್ಟು ಹೊಸದಾಗಿ ನಿಮ್ಮದೇ ಒಂದು ಸಮಾನಾಂತರ ವ್ಯವಸ್ಥೆ ಕಟ್ಟಲು ಹೋದರೆ ಒಬ್ಬನೇ ರೋಗಿಯ ಹೆಸರು ಮೂರು ಕಡೆ ಇದ್ದು, ಮೂವರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆಂದು ಸುಮ್ಮನಿರುವ ಸ್ಥಿತಿ ಬರುತ್ತದೆ.

ವೈದ್ಯಾಧಿಕಾರಿಗಳಿಂದ ಮೂರು ವಿಷಯ ಖಚಿತಪಡಿಸಿಕೊಳ್ಳಿ. ಯಾವ ಮಾತ್ರೆಗಳು ಉಪಕೇಂದ್ರದಲ್ಲಿ ತಿಂಗಳ ತಿಂಗಳೂ ಸಿಗುತ್ತವೆ ಎಂಬುದು ಮೊದಲನೆಯದು. ಮಾತ್ರೆಯ ಖಾತ್ರಿಯಿಲ್ಲದೆ ಊರಿನವರ ಬಿಪಿ ಅಳೆದು ರೋಗದ ಹೆಸರು ಹೇಳುವುದು ಅವರಿಗೆ ಚಿಂತೆಯನ್ನು ಹಂಚಿದಂತೆ ಆಗುತ್ತದೆಯೇ ಹೊರತು ಬೇರೇನೂ ಅಲ್ಲ. ಎರಡನೆಯದು, ಯಾವ ಅಂಕಿ ಬಂದರೆ ಏನು ಮಾಡಬೇಕೆಂಬ ಸೂಚನೆ ಬರವಣಿಗೆಯಲ್ಲಿ ಬೇಕು. ಮೂರನೆಯದು, ನೀವು ಅಳೆದ ಅಂಕಿಗಳು ವಾರಕ್ಕೊಮ್ಮೆ ಯಾರ ಕೈಗೆ ತಲುಪಬೇಕು ಎಂಬುದು ಹುದ್ದೆಯ ಸಮೇತ ನಿಗದಿಯಾಗಬೇಕು.

ಎರಡನೆಯ ವಿಷಯದ ಬಗ್ಗೆ ಸ್ವಲ್ಪ ವಿವರ ಅಗತ್ಯ. ಸಾಮಾನ್ಯವಾಗಿ ಅನುಸರಿಸುವ ಕ್ರಮದಲ್ಲಿ, ಚಿಕಿತ್ಸೆಯಲ್ಲಿರುವವರ ಬಿಪಿ 140/90ಕ್ಕಿಂತ ಕೆಳಗಿದ್ದರೆ ಅದೇ ಮಾತ್ರೆಯನ್ನು ಮುಂದುವರಿಸಿ ಮುಂದಿನ ತಿಂಗಳ ದಿನಾಂಕ ಕೊಡುತ್ತಾರೆ. ಅದಕ್ಕಿಂತ ಮೇಲಿದ್ದರೆ ಮಾತ್ರೆ ತಪ್ಪಿಸಿದ್ದಾರೆಯೇ ಎಂದು ಮೊದಲು ಕೇಳಿ, ಬಳಿಕ ವೈದ್ಯರಿಗೆ ತೋರಿಸುತ್ತಾರೆ. 180/110 ಅಥವಾ ಅದಕ್ಕೂ ಹೆಚ್ಚಿದ್ದರೆ ಅಂದೇ ವೈದ್ಯರು ನೋಡಬೇಕು. ಅದರ ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಬಲ ಕಳೆದುಕೊಳ್ಳುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಬಿಪಿಯ ಅಂಕಿ ಅಷ್ಟು ಹೆಚ್ಚಿಲ್ಲದಿದ್ದರೂ ಈ ಲಕ್ಷಣಗಳಿದ್ದರೆ ಕಾಯಬಾರದು. ಗರ್ಭಿಣಿಯ ಬಿಪಿ 140/90 ಮುಟ್ಟಿದರೆ ಅದು ಬೇರೆಯೇ ಪ್ರಶ್ನೆ, ಅಂದೇ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಚಿಕಿತ್ಸೆಯಲ್ಲಿ ಇಲ್ಲದವರಿಗೆ ಒಂದೇ ಸಲ 150/94 ಬಂದಿತೆಂದು ಬಿಪಿ ಕಾಯಿಲೆಯೆಂಬ ಮುದ್ರೆ ಒತ್ತಬಾರದು, ಬೇರೊಂದು ದಿನ ಮತ್ತೆ ನೋಡಬೇಕು.

ಬಿಪಿ ಯಂತ್ರ: ಆಯ್ಕೆ ಮತ್ತು ಬಳಕೆ

ತೋಳಿಗೆ ಕಟ್ಟುವ, ತಾನಾಗಿ ಗಾಳಿ ತುಂಬುವ ಡಿಜಿಟಲ್ ಯಂತ್ರವನ್ನೇ ಕೊಳ್ಳಿ. ಪಾದರಸದ ಉಪಕರಣಗಳನ್ನು, ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದದ ಪ್ರಕಾರ ಕೈಬಿಡಲಾಗುತ್ತಿದೆ, ಮೇಲಾಗಿ ಸ್ಟೆತಸ್ಕೋಪ್ ಹಿಡಿದು ಶಬ್ದ ಕೇಳುವುದಕ್ಕೆ ಅಭ್ಯಾಸ ಬೇಕು. ಮಣಿಕಟ್ಟಿಗೆ ಕಟ್ಟುವ ಯಂತ್ರ ಕೈ ಎಲ್ಲಿದೆ ಎಂಬುದರ ಮೇಲೆ ಅಂಕಿ ಬದಲಿಸುತ್ತದೆ. ಮೊಬೈಲ್ ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತೇವೆನ್ನುವ ಆ್ಯಪ್‌ಗಳನ್ನು ಚಿಕಿತ್ಸೆಗೆ ಬಳಸಲೇಬಾರದು. ಮಾದರಿ ಆರಿಸುವಾಗ ಅದು ವೈದ್ಯಕೀಯವಾಗಿ ಪರಿಶೀಲಿತವೇ ಎಂದು ಸ್ಟ್ರೈಡ್ ಬಿಪಿ ಎಂಬ ಜಾಲತಾಣದಲ್ಲಿ ಹುಡುಕಬಹುದು. ಅಲ್ಲಿ ಮಾದರಿಯ ಪೂರ್ಣ ಸಂಖ್ಯೆ ಹೊಂದಬೇಕು, ಕಂಪನಿಯ ಹೆಸರು ಕಂಡರೆ ಸಾಲದು.

ಯಂತ್ರದ ಬೆಲೆಗಿಂತ ತೋಳಿಗೆ ಸುತ್ತುವ ಪಟ್ಟಿಯ (ಕಫ್) ಅಳತೆಗೆ ಹೆಚ್ಚು ಗಮನ ಕೊಡಬೇಕು. ಯಂತ್ರದೊಂದಿಗೆ ಬರುವ ಮಧ್ಯಮ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಸರಿಹೊಂದುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಅಂಕಿ ಇರುವುದಕ್ಕಿಂತ ಹೆಚ್ಚು ಬರುತ್ತದೆ, ಸಣಕಲು ತೋಳಿಗೆ ದೊಡ್ಡದು ಕಟ್ಟಿದರೆ ಕಡಿಮೆ ಬರುತ್ತದೆ. ದರ್ಜಿಯ ಟೇಪೊಂದನ್ನು ಯಂತ್ರದ ಚೀಲದಲ್ಲೇ ಇಟ್ಟುಕೊಂಡು, ನೋಂದಣಿಯ ದಿನ ತೋಳಿನ ಸುತ್ತಳತೆ ಬರೆದುಕೊಂಡರೆ ಮುಂದೆ ಪ್ರತಿ ಸಲವೂ ಯಾವ ಪಟ್ಟಿ ಎಂದು ಯೋಚಿಸಬೇಕಾಗಿಲ್ಲ. ಬೇರೆ ಅಳತೆಯ ಪಟ್ಟಿಗಳು ಅದೇ ಕಂಪನಿಯವೇ ಆಗಿರಬೇಕು.

ಅಳೆಯುವ ಕ್ರಮ ಸರಳ, ಆದರೆ ಅದನ್ನು ಪಾಲಿಸುವುದು ಗಡಿಬಿಡಿಯಲ್ಲಿ ಕಷ್ಟ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಚಹಾ, ಬೀಡಿ, ಎಲೆಅಡಿಕೆ–ತಂಬಾಕು ಬೇಡ. ಮೂತ್ರಕ್ಕೆ ಹೋಗಿ ಬಂದಿರಬೇಕು. ಹೊಲದಿಂದ ನಡೆದು ಬಂದವರನ್ನು ಐದು ನಿಮಿಷವಾದರೂ ಸುಮ್ಮನೆ ಕೂರಿಸಬೇಕು. ಕುರ್ಚಿಯಲ್ಲಿ ಬೆನ್ನಿಗೆ ಆಸರೆ ಇರಬೇಕು, ಪಾದಗಳು ನೆಲ ಮುಟ್ಟಿರಬೇಕು, ಕಾಲ ಮೇಲೆ ಕಾಲು ಹಾಕಬಾರದು, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಬೇಕು. ಮೇಜಿಲ್ಲದಿದ್ದರೆ ಎರಡು ದಿಂಬುಗಳನ್ನು ಒಂದರ ಮೇಲೊಂದು ಇಡಬಹುದು. ಪಟ್ಟಿಯನ್ನು ಬರಿದಾದ ತೋಳಿಗೆ ಕಟ್ಟಬೇಕು, ಅಂಗಿಯ ತೋಳನ್ನು ಮಡಚಿ ಬಿಗಿ ಮಾಡಿದರೂ ಅಂಕಿ ಕೆಡುತ್ತದೆ. ಹೆಂಗಸರಿಗೆ ಇದು ಮುಜುಗರದ ವಿಷಯವಾದ್ದರಿಂದ ಸೀರೆಯಡ್ಡ ಕಟ್ಟಿದ ಒಂದು ಮೂಲೆ ಮತ್ತು ಅಳೆಯಲು ಒಬ್ಬ ಮಹಿಳೆ ಬೇಕು. ಯಂತ್ರ ಓಡುತ್ತಿರುವಾಗ ಇಬ್ಬರೂ ಮಾತಾಡಬಾರದು, ಇದನ್ನು ಮೀರದವರು ನಮ್ಮಲ್ಲಿ ಅಪರೂಪ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಸರಾಸರಿ ಬರೆಯಿರಿ. ಮೊದಲ ಭೇಟಿಯಲ್ಲಿ ಎರಡೂ ಕೈ ನೋಡಿ, ಹೆಚ್ಚು ಬಂದ ಕೈಯನ್ನೇ ಮುಂದೆ ಯಾವಾಗಲೂ ಬಳಸಬೇಕು. ನಾಡಿ ತೀರ ಏರುಪೇರಾಗಿ ಬಡಿಯುವವರಲ್ಲಿ ಡಿಜಿಟಲ್ ಯಂತ್ರ ತಪ್ಪು ಹೇಳಬಹುದು, ಅಂಥವರನ್ನು ವೈದ್ಯರ ಬಳಿಗೆ ಕಳಿಸುವುದೇ ಸರಿ.

ರೋಗಿ ತಾನೇ ಮನೆಯಲ್ಲಿ ಅಳೆದುಕೊಳ್ಳುವುದಾದರೆ ಮಿತಿ ಸ್ವಲ್ಪ ಕೆಳಗಿರುತ್ತದೆ. ಕೇಂದ್ರದಲ್ಲಿ 140/90 ಇದ್ದದ್ದು ಮನೆಯ ಅಳತೆಯಲ್ಲಿ 135/85 ಎಂದು ಲೆಕ್ಕ. ಪ್ರತಿ ಮನೆಗೂ ಯಂತ್ರ ಕೊಳ್ಳುವುದು ಆಗದ ಮಾತು. ಹತ್ತು ಹನ್ನೆರಡು ಮನೆಗಳಿಗೆ ಒಂದು ಯಂತ್ರವನ್ನು ಸಂಘದ ಒಬ್ಬ ಸದಸ್ಯೆಯ ಮನೆಯಲ್ಲಿಟ್ಟು, ಯಾವ ದಿನ ಯಾವ ಹೊತ್ತಿಗೆ ಅಳೆಯಲಾಗುತ್ತದೆಂದು ಎಲ್ಲರಿಗೂ ತಿಳಿಸುವುದು ಹೆಚ್ಚು ಬಾಳಿಕೆಯ ಏರ್ಪಾಡು.

ಶುಗರ್ ನೋಡುವಾಗ

ಬೆರಳ ರಕ್ತದಿಂದ ಶುಗರ್ ನೋಡುವ ಗ್ಲುಕೋಮೀಟರ್ ಅಗ್ಗ, ರಕ್ತದ ಹನಿ ತಾಗಿಸುವ ಅದರ ಸ್ಟ್ರಿಪ್ ದುಬಾರಿ. ಯಾರೋ ದಾನವಾಗಿ ಕೊಟ್ಟ ಯಂತ್ರಕ್ಕೆ ನಿಮ್ಮ ತಾಲ್ಲೂಕಿನಲ್ಲಿ ಸ್ಟ್ರಿಪ್ ಸಿಗದಿದ್ದರೆ ಅದು ಕಪಾಟು ಸೇರುತ್ತದೆ. ಆದ್ದರಿಂದ ಹತ್ತಿರದ ಔಷಧಿ ಅಂಗಡಿಯಲ್ಲಿ ಅಥವಾ ಆರೋಗ್ಯ ಕೇಂದ್ರದಲ್ಲಿ ಯಾವ ಸ್ಟ್ರಿಪ್ ನಿರಂತರವಾಗಿ ಸಿಗುತ್ತದೆಂದು ಕೇಳಿ, ಅದಕ್ಕೆ ಹೊಂದುವ ಯಂತ್ರ ತೆಗೆದುಕೊಳ್ಳಿ. ವರ್ಷದ ಖರ್ಚಿನ ಅಂದಾಜನ್ನು ಸ್ಟ್ರಿಪ್‌ನ ಲೆಕ್ಕದಲ್ಲೇ ಹಾಕಬೇಕು. ಸ್ಟ್ರಿಪ್‌ನ ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೆ ಪೆನ್ನಿನಿಂದ ಬರೆದು, ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂದು ತಯಾರಕರು ಹೇಳಿದ್ದಾರೋ ಅಷ್ಟರೊಳಗೆ ಮುಗಿಸಬೇಕು. ಮಲೆನಾಡಿನ ಮಳೆಗಾಲದ ತೇವ, ಕಲಬುರಗಿಯ ಏಪ್ರಿಲ್ ತಿಂಗಳ ಬಿಸಿಲು ಎರಡೂ ಸ್ಟ್ರಿಪ್‌ಗೆ ಶತ್ರುಗಳು. ಮುಚ್ಚಳ ತೆರೆದಿಟ್ಟು ಸಾಲಾಗಿ ಕೂತವರಿಗೆ ಪರೀಕ್ಷೆ ಮಾಡುವುದು ಎಲ್ಲೆಡೆ ಕಾಣುವ ತಪ್ಪು. ಯಂತ್ರದ ಮಾನ ಮಿಲಿಗ್ರಾಂ ಪ್ರತಿ ಡೆಸಿಲೀಟರ್ ಎಂದಿದೆಯೇ ನೋಡಿಕೊಳ್ಳಿ, ಹೊರದೇಶದಿಂದ ತಂದ ಕೆಲವು ಯಂತ್ರಗಳು ಬೇರೆ ಮಾನದಲ್ಲಿ ತೋರಿಸುತ್ತವೆ ಮತ್ತು ಅಲ್ಲಿನ 7 ಎಂದರೆ ನಮ್ಮ 126.

ಬೆರಳನ್ನು ಸೋಪು ಹಾಕಿ ತೊಳೆದು ಒರೆಸಿದ ಮೇಲೆಯೇ ಚುಚ್ಚಬೇಕು. ಮಾವಿನ ಹಣ್ಣೋ ಹಲಸಿನ ತೊಳೆಯೋ ಮುಟ್ಟಿದ ಕೈಯಲ್ಲಿ ಅಂಟಿದ ಸಕ್ಕರೆ ಸಾಕು, ಅಂಕಿ ಸುಳ್ಳಾಗಿ ಮೇಲೇರುತ್ತದೆ. ಸ್ಪಿರಿಟ್ ಹಚ್ಚಿದರೆ ಪೂರ್ತಿ ಆರಲು ಬಿಡಬೇಕು. ಬೆರಳ ತುದಿಯ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಹಿಂಡಿ ಹಿಂಡಿ ರಕ್ತ ತೆಗೆಯಬಾರದು. ಒಬ್ಬರಿಗೆ ಬಳಸಿದ ಲ್ಯಾನ್ಸೆಟ್ (ಚುಚ್ಚುವ ಸೂಜಿ) ಇನ್ನೊಬ್ಬರನ್ನು ಮುಟ್ಟಲೇಬಾರದು, ಚುಚ್ಚುವ ಪೆನ್ ಕೂಡ ಒಬ್ಬರಿಗೇ ಮೀಸಲು. ಗುಂಪಿನ ತಪಾಸಣೆಗೆ ಒಮ್ಮೆ ಚುಚ್ಚಿ ಒಳಸೇರಿಕೊಳ್ಳುವ ಲ್ಯಾನ್ಸೆಟ್‌ಗಳನ್ನು ತರಿಸಿ. ಬಳಸಿದವನ್ನು ಗಟ್ಟಿಯಾದ, ಚುಚ್ಚಿದರೂ ತೂತಾಗದ ಡಬ್ಬಿಯಲ್ಲಿ ಹಾಕಿ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಆಶಯವೂ ಇದೇ. ತಿಪ್ಪೆಗೆ ಹಾಕಿದರೆ ನಾಳೆ ಮಕ್ಕಳ ಕಾಲಿಗೆ.

ಸರಿಯಾಗಿ ಬಳಸಿದರೂ ಗ್ಲುಕೋಮೀಟರಿನ ಅಂಕಿಯಲ್ಲಿ ಸುಮಾರು ಶೇ 15ರವರೆಗೆ ಹೆಚ್ಚುಕಡಿಮೆಯನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಹಾಗಾಗಿ ಕಳೆದ ತಿಂಗಳು 152 ಇದ್ದದ್ದು ಈ ತಿಂಗಳು 160 ಆಯಿತೆಂದು ಯಾರನ್ನೂ ಬೈಯಬೇಕಾಗಿಲ್ಲ. ಇನ್ನೊಂದು ಸಂಗತಿ ನಮ್ಮ ಕಡೆ ಬಹಳ ಮುಖ್ಯ: ರಕ್ತಹೀನತೆ ಇರುವವರಲ್ಲಿ ಗ್ಲುಕೋಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಕಬ್ಬಿಣಾಂಶದ ಕೊರತೆ ಮೇಲಕ್ಕೆ ತಳ್ಳಬಹುದು. ಹಾಡಿಗಳಲ್ಲಿ, ತೋಟದ ಲೈನ್‌ಗಳಲ್ಲಿ ರಕ್ತಹೀನತೆಯಿರುವ ಹೆಣ್ಣುಮಕ್ಕಳು ಎಷ್ಟೆಂಬುದು ಕೆಲಸ ಮಾಡಿದವರಿಗೆ ಗೊತ್ತೇ ಇದೆ. ಆದ್ದರಿಂದ ಹಿಮೋಗ್ಲೋಬಿನ್ ಅಂಕಿಯನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ. ಬೆರಳು ಚುಚ್ಚಿ ನೋಡಿದಾಗ 140ಕ್ಕಿಂತ ಹೆಚ್ಚು ಬಂದವರನ್ನು ಬರಿ ಹೊಟ್ಟೆಯ ಪ್ರಯೋಗಾಲಯ ಪರೀಕ್ಷೆಗೆ ಕಳಿಸಬೇಕು. ಅದರಲ್ಲಿ 126 ಅಥವಾ ಮೇಲೆ ಬಂದರೆ ವೈದ್ಯರು ಮುಂದಿನದನ್ನು ನಿರ್ಧರಿಸುತ್ತಾರೆ.

ಶುಗರ್ 70ಕ್ಕಿಂತ ಇಳಿದು ಬೆವರು, ನಡುಕ, ಗಲಿಬಿಲಿ ಕಂಡರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. 300 ದಾಟಿ, ಜೊತೆಗೆ ವಾಂತಿ, ಜೋರು ಉಸಿರಾಟ ಅಥವಾ ಮಂಪರು ಇದ್ದರೂ ಕಾಯುವಂತಿಲ್ಲ. ರಂಜಾನ್ ಉಪವಾಸ, ಶ್ರಾವಣ ಸೋಮವಾರ, ಏಕಾದಶಿಗಳ ಮುನ್ನ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರ ಪಟ್ಟಿಯನ್ನು ಪ್ರತ್ಯೇಕವಾಗಿ ತೆಗೆದು ವೈದ್ಯರ ಸಲಹೆ ಕೊಡಿಸುವುದು ಒಳ್ಳೆಯದು, ಏಕೆಂದರೆ ಉಪವಾಸದಲ್ಲಿ ಸಕ್ಕರೆ ಕುಸಿಯುವ ಅಪಾಯ ಇವರಿಗೇ ಹೆಚ್ಚು.

ಚುಚ್ಚದೆಯೇ ಶುಗರ್ ಹೇಳುತ್ತೇವೆಂದು ಮಾರುವ ಕೈಗಡಿಯಾರ, ಉಂಗುರಗಳ ಬಗ್ಗೆ ಒಂದೇ ಮಾತು: ಕೊಳ್ಳಬೇಡಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರುವರಿಯಲ್ಲಿ ಇಂಥವುಗಳ ವಿರುದ್ಧ ಬಹಿರಂಗ ಎಚ್ಚರಿಕೆ ಕೊಟ್ಟಿತು. ಚರ್ಮಕ್ಕೆ ಅಂಟಿಸುವ, ಎರಡು ವಾರ ಸತತವಾಗಿ ಸಕ್ಕರೆ ತೋರಿಸುವ ಸೆನ್ಸರ್‌ಗಳು ನಿಜವಾದ ಉಪಕರಣಗಳೇ, ಆದರೆ ಅವುಗಳ ಬೆಲೆಯಲ್ಲಿ ಇಡೀ ತಾಂಡಾಕ್ಕೆ ತಿಂಗಳುಗಳ ಸ್ಟ್ರಿಪ್ ಬರುತ್ತದೆ.

ದಾಖಲೆ: ಪುಸ್ತಕವೂ ಬೇಕು, ಫೋನೂ ಬೇಕು

ಪ್ರತಿ ರೋಗಿಯ ಕೈಯಲ್ಲಿ ಒಂದು ಸಣ್ಣ ಪಾಸ್‌ಬುಕ್ ಇರಲಿ. ಅದರಲ್ಲಿ ದಿನಾಂಕ, ಬಿಪಿ, ಶುಗರ್, ಮಾತ್ರೆಯ ಹೆಸರು ಮತ್ತು ಪ್ರಮಾಣ, ಮುಂದೆ ಬರಬೇಕಾದ ದಿನ ಇಷ್ಟಿದ್ದರೆ ಸಾಕು. ಅವರು ಎಲ್ಲಿಗೆ ಹೋದರೂ ಈ ಪುಸ್ತಕ ಜೊತೆಗೆ ಹೋಗುತ್ತದೆ ಮತ್ತು ಅದಕ್ಕೆ ನೆಟ್‌ವರ್ಕ್ ಬೇಡ. ಫೋನಿನ ದಾಖಲೆ ಇರುವುದು ನಿಮಗಾಗಿ, ಅಂದರೆ ಹುಡುಕಲು, ಎಣಿಸಲು, ಬಾರದವರನ್ನು ಕಂಡುಹಿಡಿಯಲು.

ಈ ವಿಷಯದಲ್ಲಿ ನಮ್ಮ ದೇಶದಲ್ಲೇ ಒಳ್ಳೆಯ ಮಾದರಿಯಿದೆ. 2017ರಲ್ಲಿ ಪಂಜಾಬ್, ಮಧ್ಯಪ್ರದೇಶ, ಕೇರಳ, ತೆಲಂಗಾಣ, ಮಹಾರಾಷ್ಟ್ರಗಳಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ಸರಳ ಚಿಕಿತ್ಸಾ ಕ್ರಮ, ಸತತ ಔಷಧ ಪೂರೈಕೆ, ದಾದಿಯರಿಗೂ ಜವಾಬ್ದಾರಿ ಹಂಚುವುದು, ರೋಗಿಯ ಮನೆ ಹತ್ತಿರವೇ ಸೇವೆ, ಮತ್ತು ಬಲವಾದ ಮಾಹಿತಿ ವ್ಯವಸ್ಥೆ ಎಂಬ ಐದು ಅಂಶಗಳನ್ನು ಹಿಡಿದು ನಡೆಯಿತು. 2022ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಕಾರ್ಯಪಡೆಯೊಂದರ ಪ್ರಶಸ್ತಿಯೂ ಬಂತು. ಪಂಜಾಬ್, ಮಹಾರಾಷ್ಟ್ರಗಳಲ್ಲಿ ಅದಕ್ಕೆಂದು ಬಳಸಿದ ಸಿಂಪಲ್ ಎಂಬ ಮುಕ್ತ ತಂತ್ರಾಂಶದಲ್ಲಿ ದಾದಿ ರೋಗಿಯ ಕಾರ್ಡಿನ ಕ್ಯೂಆರ್ ಸಂಕೇತವನ್ನು ಫೋನಿಗೆ ತೋರಿಸಿ, ಅಂದಿನ ಬಿಪಿ ಮತ್ತು ಮಾತ್ರೆ ತುಂಬಿ ಮುಗಿಸುತ್ತಾಳೆ. ನೆಟ್‌ವರ್ಕ್ ಇಲ್ಲದಾಗ ವಿವರ ಫೋನಿನಲ್ಲೇ ಉಳಿದು ಸಂಪರ್ಕ ಸಿಕ್ಕಾಗ ತಾನಾಗಿ ಮೇಲೆ ಹೋಗುತ್ತದೆ. ಗಡುವು ದಾಟಿದವರ ಪಟ್ಟಿ ಅದರಲ್ಲೇ ಸಿದ್ಧವಾಗುತ್ತದೆ, ಪಟ್ಟಿಯಿಂದ ನೇರವಾಗಿ ಕರೆ ಮಾಡಬಹುದು. ನೀವು ಯಾವ ಆ್ಯಪ್ ಆರಿಸಿದರೂ ಈ ಮೂರು ಗುಣ ಇವೆಯೇ ನೋಡಿ: ಒಬ್ಬರ ವಿವರ ತುಂಬಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು, ನೆಟ್‌ವರ್ಕ್ ಇಲ್ಲದೆ ನಡೆಯಬೇಕು, ಬಾರದವರನ್ನು ತಾನಾಗಿ ತೋರಿಸಬೇಕು. ನಲವತ್ತು ಪ್ರಶ್ನೆ ಕೇಳುವ ಸುಂದರವಾದ ಆ್ಯಪ್‌ಗಿಂತ ಆರು ಅಂಕಣಗಳ ಸ್ಪ್ರೆಡ್‌ಶೀಟ್ ಎಷ್ಟೋ ಮೇಲು. ನೂರು ನೂರೈವತ್ತು ರೋಗಿಗಳವರೆಗೆ ಸ್ಪ್ರೆಡ್‌ಶೀಟನ್ನೇ ಮುಂದಿನ ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಧಾರಾಳವಾಗಿ ನಿಭಾಯಿಸಬಹುದು.

ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಾದ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಇದ್ದರೆ ಬರೆದುಕೊಳ್ಳಿ. ಇಲ್ಲವೆಂಬ ಕಾರಣಕ್ಕೆ ಯಾರನ್ನೂ ನೋಂದಣಿಯಿಂದ ಹೊರಗಿಡಬಾರದು.

ಬಾರದವರ ಪಟ್ಟಿ

ಸೋಮವಾರ ಬೆಳಗ್ಗೆ ಮೊದಲ ಕೆಲಸವಾಗಿ ಈ ಪಟ್ಟಿ ತೆಗೆಯಬೇಕು. ಗಡುವು ದಾಟಿ ಒಂದು ವಾರದೊಳಗಿರುವವರಿಗೆ ನೆನಪಿನ ಕರೆ ಸಾಕು. ಎರಡು ವಾರ ದಾಟಿದವರ ಮನೆಗೆ ಯಾರಾದರೂ ಹೋಗಬೇಕು. ಕೊನೆಯ ಸಲ 180/110 ಮೇಲೆ ಇದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಒಮ್ಮೆ ಆದವರು, ಇನ್ಸುಲಿನ್ ತೆಗೆದುಕೊಳ್ಳುವವರು ತಪ್ಪಿಸಿಕೊಂಡರೆ ಎರಡು ವಾರ ಕಾಯದೆ ಮೊದಲ ದಿನವೇ ಹೋಗಬೇಕು.

ಕರೆ ಮಾಡುವುದು ಅಂದುಕೊಂಡಷ್ಟು ಸುಲಭವಲ್ಲ. ನೋಂದಣಿಯಲ್ಲಿ ಕೊಟ್ಟ ನಂಬರು ಮಗನದಾಗಿರುತ್ತದೆ, ಮಗ ಬೆಂಗಳೂರಿನಲ್ಲಿರುತ್ತಾನೆ. ಗಂಡನ ಫೋನಿಗೆ ಹೆಂಡತಿಯ ಕಾಯಿಲೆಯ ವಿಷಯ ಹೇಳಬಹುದೇ ಎಂಬುದೂ ಪ್ರಶ್ನೆ. ರೀಚಾರ್ಜ್ ಮುಗಿದ ಸಿಮ್ ಬದಲಾಗುತ್ತದೆ. ಆದ್ದರಿಂದ ಎರಡು ನಂಬರು ಬರೆದುಕೊಂಡು, ಪ್ರತಿಯೊಂದೂ ಯಾರದು, ಎಷ್ಟು ಹೊತ್ತಿಗೆ ಮಾಡಿದರೆ ಸಿಗುತ್ತಾರೆ, ಆ ವ್ಯಕ್ತಿಗೆ ಕಾಯಿಲೆಯ ಬಗ್ಗೆ ಹೇಳಬಹುದೇ ಎಂದು ನೋಂದಣಿಯ ದಿನವೇ ಕೇಳಿ ಪಕ್ಕದಲ್ಲಿ ಬರೆಯಬೇಕು. ಪ್ರತಿ ಭೇಟಿಯಲ್ಲೂ ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು ನಂಬರು ನಡೆಯುತ್ತಿದೆಯೇ ನೋಡಿದರೆ ಮುಂದಿನ ತೊಂದರೆ ಅರ್ಧ ತಪ್ಪುತ್ತದೆ. ಎಸ್ಸೆಮ್ಮೆಸ್ ಓದಲಾರದವರಿಗೆ ಧ್ವನಿಸಂದೇಶ ಬೇಕು. ತಾಂಡಾದಲ್ಲಿ ಅದು ಲಂಬಾಣಿಯಲ್ಲಿ, ಕಲಬುರಗಿಯ ಮೊಹಲ್ಲಾದಲ್ಲಿ ದಖನಿಯಲ್ಲಿ, ಹಾಡಿಯಲ್ಲಿ ಜೇನುಕುರುಬರ ಮಾತಿನಲ್ಲಿ ಇದ್ದರೆ ಕೇಳುತ್ತಾರೆ. ಊರಿನವರಿಗೆ ಪರಿಚಯದ ದನಿಯಾದರೆ ಇನ್ನೂ ಒಳ್ಳೆಯದು.

ಫೋನ್ ಎತ್ತಿದಾಗ ಮೊದಲ ವಾಕ್ಯವೇ ಆರೋಪವಾಗದಿರಲಿ. ‘ಯಾಕೆ ಬರಲಿಲ್ಲ’ ಎಂದರೆ ಸುಳ್ಳು ಉತ್ತರವೇ ಬರುವುದು. ‘ಅಕ್ಕಾ, ಮಾತ್ರೆ ಮುಗಿದಿರಬೇಕಲ್ಲ, ಈ ಬುಧವಾರ ಇರ್ತೀವಿ, ಬರೋದಕ್ಕೆ ಏನಾದರೂ ತೊಂದರೆ ಇದೆಯೇ’ ಎಂದು ಕೇಳಿ. ಅವರು ಹೇಳಿದ ಕಾರಣವನ್ನು ಬರೆದುಕೊಳ್ಳಬೇಕು: ಕೂಲಿ ತಪ್ಪುತ್ತದೆ, ಕಳೆದ ಸಲ ಮಾತ್ರೆ ಇರಲಿಲ್ಲವೆಂದು ವಾಪಸ್ ಕಳಿಸಿದರು, ಕಾಲು ಊತ ಬಂತೆಂದು ಬಿಟ್ಟೆ, ಆರಾಮಾಗಿದೆ ಅಂತ ನಿಲ್ಲಿಸಿದೆ, ನಾಟಿ ಔಷಧಿ ಶುರು ಮಾಡಿದ್ದೇನೆ. ಒಂದು ತಿಂಗಳ ಕಾರಣಗಳನ್ನು ಒಟ್ಟಿಗೆ ಓದಿದರೆ ಏನು ಬದಲಿಸಬೇಕೆಂದು ತಾನೇ ತಿಳಿಯುತ್ತದೆ. ಕೂಲಿಯ ಕಾರಣ ಹೆಚ್ಚಿದ್ದರೆ ತಪಾಸಣೆಯನ್ನು ಸಂಜೆಗೆ ಅಥವಾ ಸಂತೆಯ ದಿನಕ್ಕೆ ಹೊಂದಿಸಬೇಕು. ಮಾತ್ರೆಯಿಲ್ಲದ ದೂರು ಹೆಚ್ಚಿದ್ದರೆ ತಪ್ಪು ರೋಗಿಯದಲ್ಲ, ಆ ಪಟ್ಟಿಯನ್ನು ದಿನಾಂಕಸಮೇತ ವೈದ್ಯಾಧಿಕಾರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಕೊಡಬೇಕು. ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಪಾದ ಊದಿಕೊಳ್ಳುವುದು ಗೊತ್ತಿರುವ ಅಡ್ಡಪರಿಣಾಮ. ವೈದ್ಯರು ಮಾತ್ರೆ ಬದಲಿಸಬಲ್ಲರು, ಆದರೆ ವಿಷಯ ಅವರಿಗೆ ತಲುಪಬೇಕು.

ಗುಳೆ ಹೋಗುವವರದು ಬೇರೆ ಲೆಕ್ಕ. ಹಿಂಗಾರು ಮುಗಿದು ಜನ ಬೆಂಗಳೂರು, ಪುಣೆ, ಮುಂಬೈಗೆ ಹೊರಡುವ ತಿಂಗಳು ನಿಮಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಮುಂಚಿನ ಭೇಟಿಯಲ್ಲಿ ಎರಡು ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡಿಸಲು ವೈದ್ಯರನ್ನು ಕೇಳಿ, ಪಾಸ್‌ಬುಕ್‌ನ ಕೊನೆಯ ಪುಟದ ಫೋಟೋವನ್ನು ಅವರ ಫೋನಿನಲ್ಲೇ ತೆಗೆದಿಡಿ. ಬೆಂಗಳೂರಿಗೆ ಹೋದವರಿಗೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ ಎಲ್ಲಿದೆಯೆಂದು ಹೇಳಿ ಕಳಿಸಿ. ಪಟ್ಟಿಯಲ್ಲಿ ಇವರನ್ನು ‘ಬಾರದವರು’ ಎಂದು ಬರೆಯದೆ ‘ಗುಳೆ, ಇಂಥ ತಿಂಗಳು ವಾಪಸ್’ ಎಂದು ಬರೆಯಿರಿ. ಯುಗಾದಿಗೋ ಊರ ಜಾತ್ರೆಗೋ ಮರಳಿದಾಗ ಮತ್ತೆ ನೋಡಲು ಅದೇ ಸರಿಯಾದ ಹೊತ್ತು.

ದೂರದ ವೈದ್ಯರು

ಕೇಂದ್ರ ಸರ್ಕಾರದ ಇ–ಸಂಜೀವಿನಿ ಸೇವೆಯಲ್ಲಿ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ದೂರದ ವೈದ್ಯರೊಂದಿಗೆ ವಿಡಿಯೊದಲ್ಲಿ ಮಾತಾಡಿಸಿ, ಔಷಧ ಚೀಟಿಯನ್ನು ಅಲ್ಲೇ ಪಡೆಯಬಹುದು. 2020ರ ಮಾರ್ಚಿನಲ್ಲಿ ಹೊರಬಂದ ದೂರವೈದ್ಯಕೀಯ ಮಾರ್ಗಸೂಚಿಗಳ ಪ್ರಕಾರ ನೋಂದಾಯಿತ ವೈದ್ಯರು ಹೀಗೆ ಸಲಹೆ ಕೊಡುವುದು ಕಾನೂನುಬದ್ಧ. ಕರೆಗೆ ಮುನ್ನ ಕಳೆದ ಮೂರು ಭೇಟಿಗಳ ಅಂಕಿ, ಈಗಿನ ಮಾತ್ರೆಗಳು, ಎಷ್ಟು ದಿನ ತಪ್ಪಿಸಿದ್ದಾರೆ, ಹೊಸ ತೊಂದರೆ ಏನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಐದು ನಿಮಿಷದ ಮಾತು ಫಲಕೊಡುತ್ತದೆ. ವಿಡಿಯೊ ನಿಂತುಹೋದರೆ ಧ್ವನಿಕರೆಯಲ್ಲೂ ಮುಂದುವರಿಸಬಹುದು. ಸಾಮಾನ್ಯ ಸಲಹೆಗೆ ರಾಜ್ಯದ 104 ಆರೋಗ್ಯ ಸಹಾಯವಾಣಿಯೂ ಇದೆ. ಕಣ್ಣಿನ ಅಕ್ಷಿಪಟಲದ ಪರೀಕ್ಷೆ, ಮೂತ್ರದ ಪ್ರೋಟೀನ್, ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಮತ್ತು ಪಾದದ ಪರೀಕ್ಷೆಗೆ ಮಾತ್ರ ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಖುದ್ದಾಗಿ ಹೋಗಲೇಬೇಕು. ಆ ದಿನಾಂಕಕ್ಕೂ ದಾಖಲೆಯಲ್ಲಿ ಒಂದು ಅಂಕಣ ಬೇಕು.

ಗುಟ್ಟು ಕಾಯುವುದು

ಯಾರಿಗೆ ಶುಗರ್ ಇದೆಯೆಂಬ ಸುದ್ದಿ ಮದುವೆಯ ಮಾತುಕತೆಯವರೆಗೂ ಹೋಗುವ ಊರುಗಳಿವೆ. ಊರ ವಾಟ್ಸ್‌ಆ್ಯಪ್ ಗುಂಪಿಗೆ ರೋಗಿಗಳ ಪಟ್ಟಿಯನ್ನೋ ಯಂತ್ರದ ಅಂಕಿಯ ಫೋಟೋವನ್ನೋ ಹಾಕುವುದು ಯಾವ ಕಾರಣಕ್ಕೂ ಸಲ್ಲದು. ನೋಂದಣಿಯ ಮುನ್ನ ಏನು ಬರೆದುಕೊಳ್ಳುತ್ತೇವೆ, ಯಾರು ನೋಡುತ್ತಾರೆ, ಬೇಡವೆಂದರೆ ಹೆಸರು ತೆಗೆಸಬಹುದು ಎಂಬುದನ್ನು ಅವರ ಮಾತಿನಲ್ಲೇ ಹೇಳಿ ಒಪ್ಪಿಗೆ ಪಡೆಯಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಳಹದಿಯೂ ಒಪ್ಪಿಗೆಯೇ. ದಾಖಲೆಯ ಫೋನಿಗೆ ಬೀಗಸಂಖ್ಯೆ ಇರಲಿ, ಅದು ಮಕ್ಕಳ ಆಟಕ್ಕೆ ಹೋಗದಿರಲಿ. ಔಷಧ ಕಂಪನಿಯೋ ವಿಮಾ ಏಜೆಂಟರೋ ಶಿಬಿರಕ್ಕೆ ನೆರವು ಕೊಟ್ಟು ಬದಲಿಗೆ ಪಟ್ಟಿ ಕೇಳಿದರೆ ನೆರವನ್ನೇ ಬೇಡವೆನ್ನಿ.

ಲೆಕ್ಕ ಹಾಕುವ ರೀತಿ

ಮೂರು ತಿಂಗಳಿಗೊಮ್ಮೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಹಿಂದಿನ ಮೂರು ತಿಂಗಳಲ್ಲಿ ನೋಂದಣಿಯಾದವರಲ್ಲಿ ಎಷ್ಟು ಜನರ ಕೊನೆಯ ಬಿಪಿ ಈ ಮೂರು ತಿಂಗಳಲ್ಲಿ 140/90ಕ್ಕಿಂತ ಕೆಳಗಿದೆ? ಇಲ್ಲಿ ಭಾಗಿಸುವ ಸಂಖ್ಯೆಯಲ್ಲೇ ಮೋಸವಾಗುವುದು. ಉದಾಹರಣೆಗೆ 120 ಜನ ನೋಂದಣಿಯಾಗಿ, 70 ಜನ ಬಂದು, ಅವರಲ್ಲಿ 49 ಜನರ ಬಿಪಿ ಹತೋಟಿಯಲ್ಲಿದೆ ಎಂದುಕೊಳ್ಳಿ. ಬಂದವರ ಲೆಕ್ಕದಲ್ಲಿ ಇದು ಶೇ 70, ವರದಿಗೆ ಚೆಂದ. ನೋಂದಣಿಯಾದ ಎಲ್ಲರ ಲೆಕ್ಕದಲ್ಲಿ ಶೇ 41 ಕೂಡ ಮುಟ್ಟುವುದಿಲ್ಲ. ಎರಡನೆಯದನ್ನೇ ಬರೆಯಬೇಕು, ಏಕೆಂದರೆ ಬಾರದ 50 ಜನ ಗುಣವಾಗಿ ಮನೆಯಲ್ಲಿ ಕುಳಿತವರಲ್ಲ.

ಅಂಕಿಗಳ ಸಾಚಾತನವನ್ನೂ ಆಗಾಗ ನೋಡಬೇಕು. ಪುಸ್ತಕದ ತುಂಬ 120/80, 130/80, 140/90 ಎಂದೇ ಇದ್ದರೆ ಯಾರೋ ಅಳೆಯದೆ ಬರೆದಿದ್ದಾರೆ ಅಥವಾ ದುಂಡಗೆ ಮಾಡಿದ್ದಾರೆ ಎಂದರ್ಥ. ಡಿಜಿಟಲ್ ಯಂತ್ರ ಸೊನ್ನೆಯಲ್ಲಿ ಕೊನೆಯಾಗುವ ಅಂಕಿಯನ್ನು ಹತ್ತರಲ್ಲಿ ಒಂದು ಸಲದ ಸುಮಾರಿಗೆ ಮಾತ್ರ ಕೊಡುತ್ತದೆ. ಯಂತ್ರದ ನೆನಪಿನಲ್ಲಿ ಉಳಿದ ಕೊನೆಯ ಅಳತೆಗಳನ್ನು ಪುಸ್ತಕದೊಂದಿಗೆ ತಾಳೆ ಹಾಕಿದರೆ ನಿಜ ಗೊತ್ತಾಗುತ್ತದೆ. ಹಾಗೆ ಕಂಡುಬಂದಾಗ ಆ ಕಾರ್ಯಕರ್ತೆಗೆ ಎಷ್ಟು ಮನೆ, ಎಷ್ಟು ಆ್ಯಪ್, ಎಷ್ಟು ವರದಿ ಹೊರಿಸಿದ್ದೇವೆ ಎಂದು ಮೊದಲು ಕೇಳುವುದು ನ್ಯಾಯ.

ಯಂತ್ರಗಳ ವಿಷಯಕ್ಕೆ ಬಂದರೆ, ಹೆಚ್ಚುವರಿ ಸೆಲ್‌ಗಳು ಚೀಲದಲ್ಲೇ ಇರಬೇಕು. ವರ್ಷಕ್ಕೊಮ್ಮೆ ಬಿಪಿ ಯಂತ್ರವನ್ನು ನಿಖರತೆಯ ಪರಿಶೀಲನೆಗೆ ಕೊಡಬೇಕು, ನಡುವೆ ಸಂಶಯ ಬಂದರೆ ಆರೋಗ್ಯ ಕೇಂದ್ರದ ಯಂತ್ರದೊಂದಿಗೆ ಒಬ್ಬರದೇ ಕೈಯಲ್ಲಿ ಒಂದಾದ ಮೇಲೊಂದು ಅಳೆದು ಹೋಲಿಸಬಹುದು. ತೋಳಿನ ಪಟ್ಟಿ ಸವೆದು ಅಂಟು ಬಿಟ್ಟರೆ ಅಥವಾ ಗಾಳಿ ಸೋರಿದರೆ ಹೊಲಿಸದೆ ಹೊಸದು ತರಿಸಿ. ದಾಖಲೆ ನೋಡಿಕೊಳ್ಳುವವರು ಮದುವೆಯಾಗಿ ಹೋದಾಗ ಅಥವಾ ವರ್ಗವಾದಾಗ ಇಡೀ ವ್ಯವಸ್ಥೆ ಅವರೊಂದಿಗೇ ಹೋಗುವುದನ್ನು ತಪ್ಪಿಸಲು, ಆ್ಯಪ್‌ನ ಖಾತೆ ವ್ಯಕ್ತಿಯ ಸ್ವಂತ ನಂಬರಿನಲ್ಲಿರದೆ ಸಂಘದ ನಂಬರಿನಲ್ಲಿರಬೇಕು, ಪಟ್ಟಿ ತೆಗೆಯುವುದನ್ನು ಮೊದಲ ತಿಂಗಳಿನಿಂದಲೇ ಇಬ್ಬರು ಕಲಿತಿರಬೇಕು.